ಹಡಗಿನ ಮೇಲೊಂದು ವಿದ್ಯುತ್ ಕವಣೆ

ನೆಲದ ಮೇಲೆ ಯುದ್ಧವಿಮಾನಕ್ಕೆ ಓಡಲು ಕಿಲೋಮೀಟರುಗಟ್ಟಲೆ ಹಾದಿಯುಂಟು. ವಿಮಾನವಾಹಕ ಹಡಗಿನಲ್ಲಿ ಸಿಗುವುದು ಅದರ ಒಂದು ಚೂರು ಮಾತ್ರ. ಆ ಜಾಗದಲ್ಲೇ ಸಾಕಷ್ಟು ವೇಗ ಬಾರದಿದ್ದರೆ ವಿಮಾನ ಸೀದಾ ಸಮುದ್ರಕ್ಕೆ!

ನಮ್ಮ ವಿಕ್ರಮಾದಿತ್ಯ, ವಿಕ್ರಾಂತ್ ನೌಕೆಗಳಲ್ಲಿ ಇದಕ್ಕಾಗಿ ಹಡಗಿನ ಮೂತಿಯನ್ನೇ ಮೇಲಕ್ಕೆ ಬಾಗಿಸಿದ್ದಾರೆ. ಸರಳ ಉಪಾಯ, ಕೆಡುವ ಯಂತ್ರವೇ ಇಲ್ಲ. ಆದರೆ ಭಾರೀ ಹೊರೆ ಹೊತ್ತ ವಿಮಾನಕ್ಕೆ ಇದು ಸಾಲದು. ಅದನ್ನು ಮುಂಗಾಲಿಯ ಬಳಿ ಹಿಡಿದು ಎಳೆದು ಎಸೆಯಲು ಕವಣೆಯೇ ಬೇಕು.

ಬ್ರಿಟಿಷ್ ನೌಕಾಪಡೆ 1950ರಲ್ಲಿ ‘ಪರ್ಸಿಯಸ್’ ಹಡಗಿನ ಮೇಲೆ ಹಬೆಯ ಕವಣೆಯನ್ನು ಪರೀಕ್ಷಿಸಿತು. ಮುಂದೆ ಅರ್ಧ ಶತಮಾನ ಹಬೆಯದೇ ರಾಜ್ಯ. ಆದರೆ ಹಬೆಯದು ಒರಟು ಕೆಲಸ: ಆರಂಭದಲ್ಲಿ ಜೋರಾದ ಜಗ್ಗು, ಕೊನೆಯಲ್ಲಿ ಸಡಿಲ. ಒಮ್ಮೆ ಹೊರಟರೆ ನಡುವೆ ತಿದ್ದುವಂತಿಲ್ಲ. ವಿಮಾನದ ಮೈ ಬೇಗ ದಣಿಯುತ್ತದೆ. ತೀರಾ ಹಗುರ ವಿಮಾನಗಳಿಗಂತೂ ಇದು ಒಗ್ಗದು.

ವಿದ್ಯುತ್ತಿನ ಉಪಾಯ ಕೇಳಿ. ತೋಟದ ಪಂಪ್‌ಸೆಟ್ಟಿನ ಪ್ರೇರಣ ಮೋಟಾರನ್ನು ಸೀಳಿ ಚಾಪೆಯಂತೆ ಬಿಡಿಸಿದರೆ ಏನಾದೀತು? ಸುತ್ತುತ್ತಿದ್ದ ಕಾಂತಕ್ಷೇತ್ರ ನೇರ ಸಾಲಿನಲ್ಲಿ ಓಡತೊಡಗುತ್ತದೆ; ಜೊತೆಗೆ ಲೋಹದ ಫಲಕವನ್ನೂ, ಅದಕ್ಕೆ ಸಿಕ್ಕಿಸಿದ ವಿಮಾನವನ್ನೂ ಎಳೆದೊಯ್ಯುತ್ತದೆ. ಎಳೆತವನ್ನು ಕ್ಷಣಕ್ಷಣಕ್ಕೂ ಅಳೆದು ತಿದ್ದಬಹುದು.

91 ಮೀಟರ್ ಓಟದಲ್ಲಿ ಗಂಟೆಗೆ 240 ಕಿ.ಮೀ. ವೇಗ ಬರಬೇಕು. ವೇಗೋತ್ಕರ್ಷ ಏಕರೀತಿಯದೆಂದು ಭಾವಿಸಿ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು: ಮೂರು ಸೆಕೆಂಡಿಗೂ ಕಡಿಮೆ ಸಮಯ, ಗುರುತ್ವದ ಸುಮಾರು ಎರಡೂವರೆ ಪಟ್ಟು ವೇಗೋತ್ಕರ್ಷ. ಇಷ್ಟು ವಿದ್ಯುತ್ತನ್ನು ಹಡಗಿನ ಜನರೇಟರುಗಳಿಂದ ಒಮ್ಮೆಲೇ ಹೀರಲಾಗದು. ಆದ್ದರಿಂದ ಭಾರವಾದ ಚಕ್ರಗಳನ್ನು ಮೊದಲೇ ಗಿರ್ರನೆ ತಿರುಗಿಸಿ ಶಕ್ತಿ ಕೂಡಿಟ್ಟು, ಎಸೆಯುವ ಗಳಿಗೆಯಲ್ಲಿ ಬಿಡುತ್ತಾರೆ.

ಅಮೆರಿಕದ ‘ಜೆರಾಲ್ಡ್ ಫೋರ್ಡ್’ ನೌಕೆ 2017ರ ಜುಲೈನಲ್ಲಿ ಹೀಗೆ ಮೊದಲ ಯುದ್ಧವಿಮಾನವನ್ನು ಹಾರಿಸಿತು. ಸಂಭ್ರಮದ ಹಿಂದೆಯೇ ತಲೆನೋವೂ ಬಂತು. ಎರಡು ಕೆಡುಕುಗಳ ನಡುವೆ ಸರಾಸರಿ 4,166 ಉಡಾವಣೆ ಆಗಬೇಕೆಂಬುದು ಗುರಿ. 2019-20ರ ಪರೀಕ್ಷೆಗಳಲ್ಲಿ ದಕ್ಕಿದ್ದು ಕೇವಲ 181. 2020ರ ಜೂನ್‌ನಲ್ಲಿ ಐದು ದಿನ ಕವಣೆ ಕೆಲಸವನ್ನೇ ಮಾಡಲಿಲ್ಲ. ಕೆಟ್ಟ ಭಾಗವನ್ನಷ್ಟೇ ವಿದ್ಯುತ್ತಿನಿಂದ ಸುಲಭವಾಗಿ ಬೇರ್ಪಡಿಸಿ, ಉಳಿದವನ್ನು ನಡೆಸುತ್ತಲೇ ರಿಪೇರಿ ಮಾಡುವಂತಿಲ್ಲ ಎಂಬುದು ಪರೀಕ್ಷಕರ ದೊಡ್ಡ ಆಕ್ಷೇಪ. ಯುದ್ಧದ ನಡುವೆ ಹೀಗಾದರೆ?

ಆದರೂ 2023-24ರಲ್ಲಿ ಫೋರ್ಡ್ ಎಂಟು ತಿಂಗಳು ಕಡಲಲ್ಲಿದ್ದು ಇವೇ ಕವಣೆಗಳಿಂದ ವಿಮಾನಗಳನ್ನು ಕಳಿಸಿತು. ಅತ್ತ ಚೀನಾ ಹಬೆಯ ಮೆಟ್ಟಿಲನ್ನೇ ಹಾರಿ, ತನ್ನ ‘ಫುಜಿಯಾನ್’ಗೆ ನೇರವಾಗಿ ವಿದ್ಯುತ್ ಕವಣೆ ಕೂರಿಸಿತು, ಆ ನೌಕೆ 2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿತು.