ಕಂಡದ್ದು ಮತ್ತು ನೋಡಿದ್ದು: ಸಿಮ್ಯುಲೇಶನ್ ಆಂಟಾಲಜಿಗೆ ಕನ್ನಡದ ಸಾಕ್ಷ್ಯ

ಏಜೆಂಟ್ ಆಧಾರಿತ ಸಿಮ್ಯುಲೇಶನ್‌ನಲ್ಲಿ ಸ್ವತಂತ್ರವಾಗಿ ನಿರ್ಧರಿಸುವ ಏಜೆಂಟುಗಳೂ ಅವು ವರ್ತಿಸುವ ಪರಿಸರವೂ ಇರುತ್ತವೆ. ಅಲ್ಲಿ ಏನೇನಿದೆ, ಏನೇನು ಸಂಭವಿಸಬಹುದು ಎಂಬುದರ ವ್ಯವಸ್ಥಿತ ನಿರೂಪಣೆಯೇ ಆಂಟಾಲಜಿ. ಡೊನಾಲ್ಡ್ ಡೇವಿಡ್‌ಸನ್ 1967ರಲ್ಲಿ ಕ್ರಿಯಾವಾಕ್ಯಗಳ ತಾರ್ಕಿಕ ರೂಪದಲ್ಲಿ ಘಟನೆಗೂ ಸ್ಥಾನ ಕಲ್ಪಿಸಿದರು. ಆದರೆ ಘಟನೆಗಳನ್ನು ಎಷ್ಟು ಬಗೆಯಾಗಿ ವಿಂಗಡಿಸಬೇಕು? ಈ ಪ್ರಶ್ನೆಗೆ ಕನ್ನಡ ವ್ಯಾಕರಣವು ಉಪಯುಕ್ತ ಸೂಚನೆ ನೀಡುತ್ತದೆ.

ಮೈಸೂರಿನ ಗೋಕುಲಂನ ಕಾಂಟೂರ್ ರಸ್ತೆಯನ್ನು ದಾಟುವ ಪಾದಚಾರಿಯೊಬ್ಬನನ್ನು ಮಾದರಿಯಲ್ಲಿ ರೂಪಿಸಬೇಕೆಂದುಕೊಳ್ಳೋಣ.

(1) ಮಳೆ ಬಂತು.
(2) ಅವನಿಗೆ ಬಸ್ಸು ಕಂಡಿತು.
(3) ಅವನು ಬಸ್ಸನ್ನು ನೋಡಿದನು.

(1) ಪರಿಸರದ ಘಟನೆ. (2)ರಲ್ಲಿ ಪರಿಸರದ ಮಾಹಿತಿ ಏಜೆಂಟನ್ನು ತಲುಪುತ್ತದೆ. ಅನುಭವಿಯು ಚತುರ್ಥಿಯಲ್ಲಿದ್ದು, ಕ್ರಿಯಾಪದವು ಬಸ್ಸಿಗೆ ಹೊಂದಿಕೊಳ್ಳುತ್ತದೆ. (3) ಏಜೆಂಟನ ಕ್ರಿಯೆ. ‘ಬೇಕೆಂದೇ ನೋಡಿದನು’ ಸಹಜ. ‘ಅವನಿಗೆ ಬೇಕೆಂದೇ ಕಂಡಿತು’ ಅಸಂಗತ. ‘ನೋಡಿದನು, ಆದರೆ ಏನೂ ಕಾಣಲಿಲ್ಲ’ ಎಂಬಲ್ಲಿ ವಿರೋಧವಿಲ್ಲ. ‘ಕೇಳಿಸಿತು’, ‘ಆಲಿಸಿದನು’ ಎಂಬ ಜೋಡಿಯೂ ಹೀಗೆಯೇ.

ಎರಡನ್ನೂ ‘ಗ್ರಹಿಕೆ’ ಎಂಬ ಒಂದೇ ವರ್ಗಕ್ಕೆ ಸೇರಿಸಿದರೆ, ನೋಡಿಯೂ ಬಸ್ಸು ಕಾಣದವನಿಗೂ ನೋಡದೆಯೇ ದಾಟಿದವನಿಗೂ ಭೇದ ಉಳಿಯದು. ಆಗ ಅಪಘಾತಕ್ಕೆ ಕಾರಣ ತಿರುವಿನ ಮರೆಯೋ ಪಾದಚಾರಿಯ ಅಜಾಗರೂಕತೆಯೋ ಎಂಬುದನ್ನು ಮಾದರಿಯು ಹೇಳಲಾರದು; ರಸ್ತೆಯ ದೋಷವು ನಡೆಯುವವನ ಮೇಲೆ ಬೀಳಬಹುದು.

ಹಾಗೆಂದು ವಿಭಕ್ತಿಯೊಂದನ್ನೇ ನೆಚ್ಚಲಾಗದು. ‘ಗಾಳಿಗೆ ಮರ ಬಿತ್ತು’ ಎಂಬಲ್ಲಿ ಚತುರ್ಥಿಯು ಕಾರಣವನ್ನು ಸೂಚಿಸುತ್ತದೆ. (1)ರ ‘ಮಳೆ’ ಪ್ರಥಮೆಯಲ್ಲಿದ್ದರೂ ಏಜೆಂಟ್ ಅಲ್ಲ. ಆದ್ದರಿಂದ ವರ್ಗನಿರ್ಣಯಕ್ಕೆ ವಿಭಕ್ತಿಯೊಡನೆ ಧಾತುವಿನ ಅರ್ಥವೂ ಮೇಲಿನಂತಹ ಪರೀಕ್ಷೆಗಳೂ ಅಗತ್ಯ.