ನಲವತ್ತೇಳಕ್ಕೆ ಮನೆಗೆ ಬಂದ ಪೇಟಿ

ನಮ್ಮ ಗಲಗಲಿ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗನಿಗೆ ಒಮ್ಮೆ "ಆ ಪೇಟಿ ತಗೊಂಬಾ" ಎಂದೆ. ಅವನು ಚಪ್ಪಲಿ ಹಾಕಿಕೊಂಡು ಬಂದು, "ಪ್ಯಾಟಿಯಿಂದ ಏನ್ ತರಬೇಕ್ ಅಜ್ಜಾ?" ಎಂದು ಕೈಯೊಡ್ಡಿ ನಿಂತ!

ನಮ್ಮ ಅಪ್ಪ ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಪೇಟಿ ಬಾರಿಸುತ್ತಿದ್ದರು. ಮಕ್ಕಳೇ, ಪಾರಿಜಾತ ನಮ್ಮ ಸೀಮೆಯ ಬಯಲಾಟ. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಳ್ಳುವ ಕಥೆ. ಮಾತಿಗಿಂತ ಹಾಡೇ ಹೆಚ್ಚು. ಕೌಜಲಗಿ ನಿಂಗಮ್ಮ ಅವರಂಥ ಕಲಾವಿದೆಯರು ಅದನ್ನು ಊರೂರಿಗೆ ಒಯ್ದು ಹೆಸರು ಮಾಡಿದರು.

1972ರಲ್ಲಿ ದೊಡ್ಡ ಬರ ಬಿತ್ತು. ನಾನು ಆಗ ಜಮಖಂಡಿಯಲ್ಲಿ ಬಿ.ಕಾಂ. ಓದುತ್ತಿದ್ದೆ. ಫೀ ಕಟ್ಟಲು ರೊಕ್ಕವಿಲ್ಲ. ಅಪ್ಪ ಪೇಟಿ ಮಾರಿದರು. "ನೀ ಓದು. ಪೇಟಿ ಎಲ್ಲಿ ಓಡಿ ಹೋಗ್ತೈತಿ?" ಎಂದರು. ಅದು ಹೋಗಿಯೇ ಹೋಯಿತು. ನಾನು ಬ್ಯಾಂಕಿನ ಗುಮಾಸ್ತನಾದೆ. ಲೆಡ್ಜರು, ಚಲನ್ನು, ನೋಟಿನ ಕಟ್ಟು. ಮನೆಯಲ್ಲಿ ಹಾಡು ಎಂದರೆ ರೇಡಿಯೊ ಮಾತ್ರ.

1999ರಲ್ಲಿ ಬಾಕಿ ಸಂಬಳದ ಹಣ ಸ್ವಲ್ಪ ಕೈಗೆ ಬಂತು. ಮಿರಜಿಗೆ ಹೋಗಿ ಒಂದು ಹಳೆಯ ಪೇಟಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನನಗೆ ಆಗ ನಲವತ್ತೇಳು. ಅಪ್ಪನಿಗೆ ಎಪ್ಪತ್ನಾಲ್ಕು. ಅವರು ಒಮ್ಮೆ ನೋಡಿದರು, ಮಗ್ಗುಲಾಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಊರಿನ ಭಜನಾ ಮೇಳದ ಹಿರಿಯರೊಬ್ಬರು ನನಗೆ ಭೂಪ ರಾಗದಿಂದ ಶುರು ಮಾಡಿಸಿದರು. ಅದರಲ್ಲಿ ಐದೇ ಸ್ವರ: ಸ ರಿ ಗ ಪ ಧ. ಮ, ನಿ ಇಲ್ಲ. ಐದೇ ಅಲ್ಲವೇ ಎಂದುಕೊಂಡಿದ್ದೆ. ಬಲಗೈ ಬಾರಿಸಿದರೆ ಎಡಗೈ ಗಾಳಿ ಹಾಕುವುದನ್ನು ಮರೆಯುತ್ತಿತ್ತು. ನಡುವಯಸ್ಸಿನಲ್ಲಿ ಕಲಿಯುವವರ ಕಷ್ಟವೇ ಇದು. ತಪ್ಪಿದ್ದು ಕಿವಿಗೆ ಕೂಡಲೇ ಗೊತ್ತಾಗುತ್ತದೆ, ಬೆರಳು ಮಾತ್ರ ಕೇಳುವುದಿಲ್ಲ. ಮಕ್ಕಳಿಗೆ ಬೆರಳು ಓಡುತ್ತದೆ, ತಪ್ಪಿದರೆ ನಾಚಿಕೆಯೂ ಇಲ್ಲ. ನಮ್ಮ ಮನೆಯವಳು ಒಂದು ದಿನ, "ಬ್ಯಾಂಕಿನ್ಯಾಗ ಹತ್ತು ಪೈಸೆ ತಪ್ಪಿದ್ರ ರಾತ್ರಿತನಕಾ ಹುಡುಕ್ತಿದ್ರಿ. ಇಲ್ಲಿ ಸ್ವರ ತಪ್ಪಿದ್ರ ಹಂಗ ಮುಂದ ಹೊಕ್ಕೀರಿ" ಎಂದಳು. ಅಂದಿನಿಂದ ತಪ್ಪಿದಲ್ಲೇ ನಿಂತು ಮತ್ತೆ ಬಾರಿಸತೊಡಗಿದೆ. ದಿನಕ್ಕೆ ಅರ್ಧ ತಾಸು, ಊಟಕ್ಕೆ ಮೊದಲು.

ಪೇಟಿಯ ಮುಚ್ಚಳ ತೆಗೆದು ನೋಡಿದ್ದೀರಾ? ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಿಗೆಗಳಿವೆ. ಪಟ್ಟಿ ಒತ್ತಿದರೆ ಒಂದು ತೂತು ತೆರೆದು, ಗಾಳಿ ಆ ನಾಲಿಗೆಯನ್ನು ನಡುಗಿಸುತ್ತದೆ. ಉದ್ದ ನಾಲಿಗೆ ಮೆಲ್ಲಗೆ ನಡುಗಿ ತಗ್ಗಿನ ಸ್ವರ ಕೊಡುತ್ತದೆ, ಗಿಡ್ಡದ್ದು ಬೇಗ ನಡುಗಿ ಎತ್ತರದ ಸ್ವರ ಕೊಡುತ್ತದೆ. ಇದು ಹುಟ್ಟಿದ್ದು ಯುರೋಪಿನಲ್ಲಿ, ಕಾಲಿನಿಂದ ಗಾಳಿ ತುಂಬುವ ವಾದ್ಯವಾಗಿ. ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾಡಿದ್ದು ಕಲ್ಕತ್ತೆಯವರು. ಇದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಇದನ್ನು ಹೊರಗಿಟ್ಟಿತ್ತು. ಮತ್ತೆ ಒಳಗೆ ಬಿಡಲು ಮೂವತ್ತು ವರ್ಷ ಬೇಕಾಯಿತು. ಅಷ್ಟೂ ವರ್ಷ ನಮ್ಮ ಭಜನೆಗಳಲ್ಲಿ ಪೇಟಿ ನಿಲ್ಲಲಿಲ್ಲ ಬಿಡಿ. ಗದಗಿನ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಅವರ ಪೇಟಿ ಕೇಳಿದವರು ಅದಕ್ಕೆ ಕೊರತೆಯಿದೆ ಎಂದು ಹೇಳಲಾರರು.

ಹಳೆಯ ಪೇಟಿ ಕೊಳ್ಳುವ ಅಜ್ಜಂದಿರಿಗೆ ಒಂದು ಮಾತು. ಯಾವ ಪಟ್ಟಿಯನ್ನೂ ಒತ್ತದೆ ಗಾಳಿ ತುಂಬಿ. ಗಾಳಿ ಒಳಗೆ ನಿಲ್ಲಬೇಕು. ಬುಸ್ಸೆಂದು ಇಳಿದರೆ ಎಲ್ಲೋ ಸೋರುತ್ತಿದೆ, ಬಿಟ್ಟು ಬನ್ನಿ.

ಒಂದು ತಿಂಗಳು ಅಪ್ಪ ಏನೂ ಅನ್ನಲಿಲ್ಲ. ಸಿಟ್ಟಾಗಿದ್ದಾರೆ ಎಂದೇ ತಿಳಿದಿದ್ದೆ. ಒಂದು ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲೇ ಬಾರಿಸುತ್ತಿದ್ದೆ. ಗೋಡೆಯ ಕಡೆಯಿಂದ ದನಿ ಬಂತು: "ಗಾಳಿ ಹೊಡಿಬ್ಯಾಡೋ. ಉಸಿರಾಡಿಸು." ಎದ್ದು ಬಂದು ಎದುರಿಗೆ ಕುಳಿತರು. ಅವರ ಬಲಗೈ ಬೆರಳು ಸೆಟೆದುಹೋಗಿದ್ದವು. ಎಡಗೈ ಚೆನ್ನಾಗಿತ್ತು. ಅವರು ಗಾಳಿ ಹಾಕಿದರು, ನಾನು ಬಾರಿಸಿದೆ. ಅದೇ ಪೇಟಿ, ಅದೇ ನಾನು, ದನಿ ಮಾತ್ರ ಬೇರೆ! ಆಮೇಲೆ ಐದು ವರ್ಷ, ಅವರು ಹೋಗುವ ತನಕ, ಹಾಗೆಯೇ ನಡೆಯಿತು. ಮಾರಿದ ಪೇಟಿಯ ಮಾತನ್ನು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಈಗ ನನಗೆ ಅವರ ಅಂದಿನ ವಯಸ್ಸು. 2019ರಲ್ಲಿ ಹೊಳೆಗೆ ಮಹಾಪೂರ ಬಂದ ವರ್ಷ ಥಂಡಿ ಹಿಡಿದು ಕಟ್ಟಿಗೆ ಉಬ್ಬಿತು. ನಡುವಿನ ಗಾಂಧಾರದ ಪಟ್ಟಿ ಇಂದಿಗೂ ಆಗಾಗ ಸಿಕ್ಕಿಕೊಳ್ಳುತ್ತದೆ. ರಿಪೇರಿಗೆ ಒಯ್ಯಬೇಕು ಎಂದುಕೊಳ್ಳುತ್ತಲೇ ಇದ್ದೇನೆ. ಮೊಮ್ಮಗ ಈ ಸಲ ಬಂದಾಗ ಭೂಪ ಹೇಳಿಕೊಟ್ಟೆ. ನಾನು ಗಾಳಿ ಹಾಕುತ್ತಿದ್ದೆ. ಸ ಬಂತು, ರಿ ಬಂತು, ಗ ಬರಲಿಲ್ಲ. ಅವನು ನಿಲ್ಲಲಿಲ್ಲ. ಗ ಎಂದು ಬಾಯಲ್ಲೇ ಹಾಡಿ, ಪ ಒತ್ತಿ ಮುಂದೆ ಹೋದ.