ಟ್ರೇಲರಿನ ಮೇಲಿನ ಅಡಿಕೆ ಸುಲಿಯುವ ಯಂತ್ರ: ಶಾಕ್ ಏಕೆ ಹೊಡೆಯುತ್ತದೆ?



ಕೊಯ್ಲಿನ ಕಾಲ ಬಂತೆಂದರೆ ಸುಲಿಯುವ ಯಂತ್ರವನ್ನು ಟ್ರೇಲರಿನ ಮೇಲೆ ಕೂರಿಸಿಕೊಂಡು ಮನೆಯಿಂದ ಮನೆಗೆ ಒಯ್ಯುವುದು ಈಗ ನಮ್ಮಲ್ಲಿ ಸಾಮಾನ್ಯವಾಗಿದೆ. ಆಳುಗಳ ಅಭಾವದಲ್ಲಿ ಇದು ದೊಡ್ಡ ಅನುಕೂಲವೇ ಸರಿ. ಆದರೆ ಇದರ ಭೂಸಂಪರ್ಕದ, ಅಂದರೆ ಅರ್ಥಿಂಗಿನ, ವಿಷಯದಲ್ಲಿ ನಾವು ತೋರುವ ಅಲಕ್ಷ್ಯದ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯವಾಗಿದೆ.

ಸ್ವಂತ ಅನುಭವದಿಂದಲೇ ಆರಂಭಿಸುತ್ತೇನೆ. 2023ರ ನವೆಂಬರಿನಲ್ಲಿ ನಮ್ಮ ಅಂಗಳದಲ್ಲಿ ಸುಲಿತ ನಡೆದಿತ್ತು. "ಅಯ್ಯಾ, ಗಾಡಿ ಮುಟ್ಟಿದರೆ ಜುಮ್ ಅನ್ನುತ್ತದೆ" ಎಂದು ಯಂತ್ರ ನಡೆಸುವ ಹುಡುಗ ಎರಡು ದಿನ ಮೊದಲೇ ಹೇಳಿದ್ದ. ಅವನ ಕಾಲಿಗೆ ರಬ್ಬರ್ ಚಪ್ಪಲಿ ಇತ್ತು. ನಾನು ನಕ್ಕು ಸುಮ್ಮನಾದೆ. ಮೂರನೆಯ ದಿನ ಅಕಾಲದ ಮಳೆ ಬಂದು ಅಂಗಳ ಒದ್ದೆಯಾಗಿತ್ತು. ಬುಟ್ಟಿ ಎತ್ತಲು ಬಂದ ಹೆಂಗಸು ಬರಿಗಾಲಿನಲ್ಲಿ ನಿಂತು ಟ್ರೇಲರಿನ ಅಂಚು ಹಿಡಿದಳು. ಹಿಡಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ನನ್ನ ಮಗ ಜಗಲಿಯಲ್ಲಿದ್ದ ಸ್ವಿಚ್ಚಿನ ಹತ್ತಿರವೇ ಇದ್ದುದರಿಂದ ಜೀವ ಉಳಿಯಿತು. ಆ ಹುಡುಗನ ಮಾತನ್ನು ಕೇಳಿದ್ದರೆ ಅಷ್ಟೂ ತಪ್ಪುತ್ತಿತ್ತು.

ಕಾರಣ ಸರಳವಾಗಿದೆ. ಟ್ರೇಲರು ರಬ್ಬರ್ ಟಯರಿನ ಮೇಲೆ ನಿಂತಿದೆ. ಮೋಟಾರಿನ ಸುತ್ತಿಗೆಗೆ ತೇವ ಹಿಡಿದರೆ ಅಥವಾ ವೈರಿನ ಹೊದಿಕೆ ಸವೆದರೆ ವಿದ್ಯುತ್ತು ಕಬ್ಬಿಣದ ಮೈಗೆ ಬರುತ್ತದೆ, ಆದರೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಮುಟ್ಟಿದ ಮನುಷ್ಯನೇ ಆ ದಾರಿಯಾಗುತ್ತಾನೆ. ಅರ್ಥ್ ವೈರಿನ ಕೆಲಸವೆಂದರೆ ಮನುಷ್ಯನಿಗಿಂತ ಸುಲಭವಾದ ಬೇರೊಂದು ದಾರಿಯನ್ನು ಕೊಡುವುದು.

"ದೋಷವಿದ್ದರೆ ಫ್ಯೂಸ್ ಹೋಗುವುದಿಲ್ಲವೇ?" ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ ಗುಂಡಿಯ ರೋಧ 50 ಓಮ್ ಇದೆ ಎನ್ನಿ. 230 ವೋಲ್ಟಿಗೆ ಅದರಲ್ಲಿ ಹರಿಯುವುದು ಸುಮಾರು 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸ್ ಅಥವಾ ಎಂ.ಸಿ.ಬಿ. ಇದಕ್ಕೆ ಅಲುಗಾಡುವುದೂ ಇಲ್ಲ. ಟ್ರೇಲರಿನ ಪಕ್ಕದಲ್ಲಿ ಒಂದಡಿ ಸರಳು ಹೊಡೆದು ತಂತಿ ಸುತ್ತಿದರೆ ಸಾಲದು ಎನ್ನುವುದಕ್ಕೂ ಇದೇ ಕಾರಣ.

ದೋಷ ಹುಡುಕುವ ಕ್ರಮ ಹೀಗಿರಲಿ. ಮೊದಲು ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಸ್ವಿಚ್ ಆರಿಸಿದರೆ ಸಾಲದು.

1. ಪ್ಲಗ್ ಬಿಚ್ಚಿ ನೋಡಿ. ದಪ್ಪ ಕಡ್ಡಿಗೆ ಹಸಿರು ವೈರು ಭದ್ರವಾಗಿ ಸೇರಿದೆಯೇ? ಅದನ್ನು ನ್ಯೂಟ್ರಲ್‌ಗೆ ಸೇರಿಸಿದ್ದರೆ ಕೂಡಲೇ ತೆಗೆಯಿಸಿ. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಟ್ರೇಲರಿನ ಮೈಗೆ ಪೂರ್ಣ ವಿದ್ಯುತ್ತು ಬರುತ್ತದೆ.

2. ಕೇಬಲ್ ನೋಡಿ. ಸಿಂಗಲ್ ಫೇಸಿಗೆ ಮೂರು ಎಳೆ ಇರಲೇಬೇಕು. ಉದ್ದ ಸಾಲದೆ ನಡುವೆ ಎರಡೆಳೆಯ ವೈರು ಜೋಡಿಸುವುದು ನಮ್ಮಲ್ಲಿನ ದೊಡ್ಡ ತಪ್ಪು. ಅರ್ಥ್ ಅಲ್ಲಿಗೇ ನಿಂತುಹೋಗುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ.

3. ಟ್ರೇಲರಿನ ಮೈ ನೋಡಿ. ಅರ್ಥ್ ಬೋಲ್ಟಿನ ಅಡಿಯಲ್ಲಿ ಬಣ್ಣ ಅಥವಾ ತುಕ್ಕು ಇದ್ದರೆ ಉಜ್ಜಿ ಲೋಹ ಕಾಣುವಂತೆ ಮಾಡಿ ಬಿಗಿಯಿರಿ. ಮೋಟಾರನ್ನು ರಬ್ಬರ್ ಬುಷ್ ಮೇಲೆ ಕೂರಿಸಿದ್ದರೆ ಮೋಟಾರಿನಿಂದ ಚಾಸಿಗೆ ಬೇರೆ ತಂತಿ ಬೇಕು.

4. ಈಗ ಮಲ್ಟಿಮೀಟರಿನಿಂದ ಪ್ಲಗ್ಗಿನ ದಪ್ಪ ಕಡ್ಡಿಗೂ ಟ್ರೇಲರಿನ ಬರಿ ಲೋಹಕ್ಕೂ ನಡುವಿನ ರೋಧ ಅಳೆಯಿರಿ. ಅದು 1 ಓಮಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ದೋಷ ಇನ್ನೂ ಟ್ರೇಲರಿನಲ್ಲೋ ಕೇಬಲಿನಲ್ಲೋ ಇದೆ.

5. ಇಲ್ಲಿಯವರೆಗೆ ಸರಿಯಿದ್ದರೆ ಮನೆಯ ಅರ್ಥ್ ಗುಂಡಿಯ ಕಡೆ ಹೋಗಿ. ಕ್ಲಾಂಪು ತುಕ್ಕು ತಿಂದಿರಬಹುದು. ನಮ್ಮ ಮಳೆಗೆ ಗುಂಡಿಯ ಉಪ್ಪು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ರೋಧ ಏರುತ್ತದೆ. ಜಿ.ಐ. ಪೈಪಿನ ವ್ಯಾಸ, ಉದ್ದ ಭಾರತೀಯ ಮಾನಕ 3043ರ ಪ್ರಕಾರ ಇರಬೇಕು. ಸುತ್ತಲೂ ಇದ್ದಲು, ಉಪ್ಪು ತುಂಬಿಸಿ ನೀರು ಹಾಕುತ್ತಿರಬೇಕು. ರೋಧವನ್ನು ಅರ್ಥ್ ಟೆಸ್ಟರಿನಿಂದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಅಳೆಯಿಸಿ.

ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟ್ ಬಲ್ಬು ಉರಿಸಿ "ಅರ್ಥ್ ಚೆನ್ನಾಗಿದೆ" ಎನ್ನುವವರಿದ್ದಾರೆ. ಉರಿಯುತ್ತಿರುವ ಆ ಬಲ್ಬಿನ ರೋಧವೇ 500 ಓಮಿಗೂ ಹೆಚ್ಚು. ಗುಂಡಿಯ 50 ಓಮ್ ಅದರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೇಲಾಗಿ ಅರ್ಥ್ ಕಡಿದಿದ್ದರೆ ಈ ಪರೀಕ್ಷೆಯಿಂದ ಮನೆಯ ಅರ್ಥಿಗೆ ಸೇರಿದ ಕಬ್ಬಿಣವೆಲ್ಲ ಶಾಕ್ ಹೊಡೆಯಬಹುದು. ಇದನ್ನು ಮಾಡಬೇಡಿ.

6. ಅರ್ಥ್ ಸರಿಯಾದ ಮೇಲೂ ಮೂಲ ದೋಷ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಮೋಟಾರಿನ ಸುತ್ತಿಗೆಯನ್ನು ಮೆಗ್ಗರಿನಿಂದ ನೋಡಿಸಿ. 1 ಮೆಗಾಓಮಿಗಿಂತ ಕಡಿಮೆ ತೋರಿದರೆ ಒಣಗಿಸಬೇಕು, ಇಲ್ಲವೇ ಹೊಸದಾಗಿ ಸುತ್ತಿಸಬೇಕು.

ಕೊನೆಯದಾಗಿ, ಟ್ರೇಲರಿಗೆ ವಿದ್ಯುತ್ ಕೊಡುವ ಪ್ರತಿ ಮನೆಯಲ್ಲೂ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಮರಳದಿದ್ದರೆ ಇದು ಕ್ಷಣದಲ್ಲಿ ಬೀಳುತ್ತದೆ. ಮೇಲಿನ ಲೆಕ್ಕದ 4.6 ಆಂಪಿಯರ್ ಫ್ಯೂಸಿಗೆ ಏನೂ ಅಲ್ಲ, ಇದಕ್ಕೆ ಬೇಕಾದಷ್ಟಾಯಿತು. ಅರ್ಥ್ ಸರಿಯಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಆದ್ದರಿಂದ ಎರಡೂ ಬೇಕು. ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿ ಒತ್ತಿ ನೋಡಿ. ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ವೈರು ಕೊಡುವವರು ಕಾವಲು ನಾಯಿ ಬೊಗಳಿತೆಂದು ಅದನ್ನೇ ಹೊಡೆದಂತೆ.

ಯಾರಿಗಾದರೂ ಶಾಕ್ ಹೊಡೆದರೆ ಮೊದಲು ವಿದ್ಯುತ್ ಕಡಿಯಿರಿ, ಆಮೇಲೆ ಮುಟ್ಟಿ. ಯಂತ್ರ ಅಂಗಳಕ್ಕೆ ಬಂದ ದಿನವೇ ಮೇನ್ ಸ್ವಿಚ್ ಎಲ್ಲಿದೆ ಎಂದು ಕೆಲಸದವರಿಗೆಲ್ಲ ತೋರಿಸಿಡಿ. "ಜುಮ್ ಅನ್ನುತ್ತದೆ" ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಯಂತ್ರ ನಿಲ್ಲಿಸಿ. ಅರ್ಧ ದಿನದ ಸುಲಿತ ತಡವಾದರೆ ನಾಳೆ ಮಾಡಿಕೊಳ್ಳಬಹುದು.

– ಕಾರ್ಯದರ್ಶಿ